ಇ20 ಪೆಟ್ರೋಲ್ ನನ್ನ ಟರ್ಬೋ ಕಾರಿಗೆ ಆಗಿಬರುತ್ತಾ?

ಪ್ರಶ್ನೆ: ನನ್ನದು 2018ರ ಟರ್ಬೋ ಪೆಟ್ರೋಲ್ ಕಾರು. ಸ್ಟೇಜ್ 1 ರೀಮ್ಯಾಪ್ (ಬಿಡಿಭಾಗ ಬದಲಿಸದೆ, ಎಂಜಿನ್ ಕಂಪ್ಯೂಟರಿನ ಸಾಫ್ಟ್‌ವೇರ್ ಮಾತ್ರ ಬದಲಿಸಿ ಪವರ್ ಏರಿಸುವುದು) ಮಾಡಿಸಿದ್ದೇನೆ. ಈಗ ಯಾವ ಬಂಕಿಗೆ ಹೋದರೂ ಇ20 ಪೆಟ್ರೋಲೇ, ಅಂದರೆ ಶೇ. 20 ಎಥನಾಲ್ ಬೆರೆಸಿದ್ದು. ಮೈಲೇಜ್ ಸ್ವಲ್ಪ ಇಳಿದಿದೆ. ಟರ್ಬೋ ಹಾಳಾಗುತ್ತಾ?

ಉತ್ತರ: ಟರ್ಬೋ ಬಗ್ಗೆ ಹೆದರಬೇಡಿ. ನಿಜ ಹೇಳಬೇಕೆಂದರೆ ಟರ್ಬೋ ಎಂಜಿನ್ನಿಗೆ ಎಥನಾಲ್ ಒಗ್ಗುತ್ತದೆ. ನೀವು ಗಮನ ಕೊಡಬೇಕಾದ್ದು ಬೇರೆ ಎರಡು ಕಡೆ. ಒಂದು, ಪೆಟ್ರೋಲ್ ಹರಿದುಬರುವ ದಾರಿಯ ರಬ್ಬರು. ಇನ್ನೊಂದು, ನಿಮ್ಮ ರೀಮ್ಯಾಪ್.

ಮೊದಲು ಯಾಕೆ ಒಗ್ಗುತ್ತದೆ ಅಂತ ನೋಡೋಣ. ಸೈಕಲ್‌ಗೆ ಗಾಳಿ ಹೊಡೆಯುವಾಗ ಪಂಪಿನ ತಳ ಮುಟ್ಟಿ ನೋಡಿದ್ದೀರಾ? ಬಿಸಿಯಾಗಿರುತ್ತದೆ. ಟರ್ಬೋ ಮಾಡುವುದೂ ಅದೇ ಕೆಲಸ. ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುತ್ತದೆ, ಒತ್ತಿದ ಗಾಳಿ ಕಾಯುತ್ತದೆ. ಆ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ಎಷ್ಟೇ ತಣಿಸಿದರೂ ಸಿಲಿಂಡರಿನೊಳಗೆ ಬಿಸಿ ಜಾಸ್ತಿಯೇ. ಆಗ ಪೆಟ್ರೋಲ್ ಸ್ಪಾರ್ಕ್ ಆದ ಕಡೆಯಿಂದ ಹದವಾಗಿ ಉರಿದುಕೊಂಡು ಬರುವ ಬದಲು, ಮೂಲೆಯಲ್ಲಿ ಉಳಿದದ್ದು ತಾನಾಗೇ ಸಿಡಿಯುತ್ತದೆ. ಅದೇ ನಾಕಿಂಗ್. ಜೋರಾಗಿ ಓಡುವ ಟರ್ಬೋ ಎಂಜಿನ್ನಿನ ಪಿಸ್ಟನ್ ಮುರಿಯುವುದು ಸಾಮಾನ್ಯವಾಗಿ ಇದರಿಂದಲೇ.

ಈಗ ಎಥನಾಲ್ ವಿಷಯ. ಇಂಜೆಕ್ಷನ್ ಕೊಡುವ ಮೊದಲು ನರ್ಸ್ ತೋಳಿಗೆ ಸ್ಪಿರಿಟ್ ಸವರಿದ ತಕ್ಷಣ ತಣ್ಣಗಾಗುತ್ತದೆ ಅಲ್ವಾ? ಆವಿಯಾಗುವಾಗ ಅದು ಚರ್ಮದ ಬಿಸಿಯನ್ನು ಎಳೆದುಕೊಳ್ಳುತ್ತದೆ. ಎಥನಾಲ್ ಅಂದರೆ ಅದೇ ಜಾತಿಯದು. ಆವಿಯಾಗಲು ಅದಕ್ಕೆ ಪೆಟ್ರೋಲಿಗಿಂತ ಎರಡು ಪಟ್ಟಿಗೂ ಹೆಚ್ಚು ಬಿಸಿ ಬೇಕು. ಹಾಗಾಗಿ ಒಳಗೆ ಹೋದದ್ದೇ ಸಿಲಿಂಡರನ್ನು ತಣಿಸುತ್ತದೆ. ಅದರ ಆಕ್ಟೇನ್, ಅಂದರೆ ನಾಕಿಂಗ್ ತಡೆಯುವ ಶಕ್ತಿಯ ಅಳತೆ, ಕೂಡ 108ರ ಹತ್ತಿರ. ನಮ್ಮಲ್ಲಿ ಸಾದಾ ಪೆಟ್ರೋಲ್ 91 ಇತ್ತು, ಇ20 ಮಾನದಂಡ 95. ಸ್ವೀಡನ್ನಿನ ಕ್ಯೋನಿಗ್ಸೆಗ್ ಕಂಪನಿಯ ಜೆಸ್ಕೋ ಕಾರು ಪೆಟ್ರೋಲಿನಲ್ಲಿ 1280 ಹಾರ್ಸ್‌ಪವರ್ ಕೊಟ್ಟರೆ, ಇ85ರಲ್ಲಿ (ಸುಮಾರು ಶೇ. 85 ಎಥನಾಲ್) 1600 ಕೊಡುತ್ತದೆ. ಎಂಜಿನ್ ಅದೇ, ಟರ್ಬೋಗಳೂ ಅವೇ. ನಾಕಿಂಗ್ ಭಯ ಕಡಿಮೆಯಾದ್ದರಿಂದ ಬೂಸ್ಟ್ (ಟರ್ಬೋ ತುಂಬುವ ಗಾಳಿಯ ಒತ್ತಡ) ಏರಿಸಲು ಧೈರ್ಯ ಬಂತು, ಅಷ್ಟೆ.

ಹಾಗಾದರೆ ಮೈಲೇಜ್ ಯಾಕೆ ಇಳಿಯಿತು? ಒಂದು ಲೀಟರ್ ಎಥನಾಲಿನಲ್ಲಿ ಇರುವ ಶಕ್ತಿ ಒಂದು ಲೀಟರ್ ಪೆಟ್ರೋಲಿನ ಮೂರನೇ ಎರಡು ಭಾಗ ಮಾತ್ರ. ಇ10ಗೆ ಹೊಂದಿಸಿದ ಕಾರುಗಳಲ್ಲಿ ಶೇ. 6ರಿಂದ 7ರಷ್ಟು ಮೈಲೇಜ್ ಕಡಿಮೆಯಾಗಬಹುದು ಅಂತ ನೀತಿ ಆಯೋಗದ 2021ರ ವರದಿಯೇ ಅಂದಾಜು ಮಾಡಿತ್ತು. ನಿಮ್ಮದು ಅಷ್ಟರೊಳಗೆ ಇದ್ದರೆ ಅದು ಕಾರಿನ ದೋಷ ಅಲ್ಲ.

ರೀಮ್ಯಾಪ್ ವಿಷಯಕ್ಕೆ ಸ್ವಲ್ಪ ಜಾಸ್ತಿ ಹೊತ್ತು ಬೇಕು. ಒಂದು ಕೆಜಿ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಕೆಜಿ ಗಾಳಿ ಬೇಕು. ಎಥನಾಲಿಗೆ 9 ಕೆಜಿ ಸಾಕು. ಅಂದರೆ ಅಷ್ಟೇ ಗಾಳಿಗೆ ಇಂಧನ ಜಾಸ್ತಿ ಸುರಿಯಬೇಕು. ಇ10ರಿಂದ ಇ20ಗೆ ಬಂದಾಗ ಇಂಜೆಕ್ಟರ್ ಶೇ. 3.5ರಿಂದ 4ರಷ್ಟು ಹೆಚ್ಚು ಇಂಧನ ಕೊಡಬೇಕಾಗುತ್ತದೆ. ಆಕ್ಸಿಜನ್ ಸೆನ್ಸರ್ ನೋಡಿಕೊಂಡು ಇಸಿಯು (ಎಂಜಿನ್ ಕಂಪ್ಯೂಟರ್) ಇದನ್ನು ತಾನಾಗೇ ಸರಿ ಮಾಡಿಕೊಳ್ಳುತ್ತದೆ. ಸಾಮಾನ್ಯ ಓಡಾಟದಲ್ಲಿ ನಿಮಗೆ ಗೊತ್ತೂ ಆಗುವುದಿಲ್ಲ.

ಆದರೆ ಸ್ಟೇಜ್ 1 ಅಂದರೆ ಬೂಸ್ಟ್ ಈಗಾಗಲೇ ಏರಿದೆ. ಇಂಜೆಕ್ಟರು, ಪಂಪು ಹಳೆಯವೇ, ಕೆಲಸ ಮೊದಲೇ ಹೆಚ್ಚಾಗಿದೆ. ಅದರ ಮೇಲೆ ಇ20ಯ ಈ ಹೆಚ್ಚುವರಿ ಇಂಧನದ ಹೊರೆ ಬಂದು ಕೂತಿದೆ. ಶಿರಾಡಿ ಘಾಟಿ ಏರುವಾಗ ಲಾರಿ ಹಿಂದೆ ಹಾಕಲು ಮೂರನೇ ಗೇರಲ್ಲಿ ಪೂರ್ತಿ ತುಳಿಯುತ್ತೀರಿ. ಆ ಹೊತ್ತಲ್ಲಿ ಪಂಪಿಗೆ ಸಾಕಷ್ಟು ಒತ್ತಡ ಕೊಡಲು ಆಗದಿದ್ದರೆ ಮಿಶ್ರಣ ತೆಳುವಾಗುತ್ತದೆ (ಗಾಳಿಗೆ ತಕ್ಕಷ್ಟು ಇಂಧನ ಇರುವುದಿಲ್ಲ), ಎಂಜಿನ್ ಕಾಯುತ್ತದೆ. ನಿಮ್ಮ ಕಾರಿನಲ್ಲಿ ನಿಜವಾದ ಅಪಾಯ ಇರುವುದು ಇಲ್ಲಿ.

ಇದನ್ನು ಊಹೆ ಮಾಡುತ್ತಾ ಕೂರಬೇಕಿಲ್ಲ. ಕಾರಿನ ಕಂಪ್ಯೂಟರ್ ಓದುವ ಓಬಿಡಿ ಸ್ಕ್ಯಾನರ್ ಒಂದನ್ನು ಚುಚ್ಚಿ, ಲಾಂಗ್ ಟರ್ಮ್ ಫ್ಯೂಯೆಲ್ ಟ್ರಿಮ್ (ಇಸಿಯು ಶೇಕಡಾ ಎಷ್ಟು ಇಂಧನ ಹೆಚ್ಚಿಸಿದೆ ಅಥವಾ ಇಳಿಸಿದೆ ಅನ್ನುವ ಲೆಕ್ಕ) ನೋಡಿ. ಮೊದಲು ಸೊನ್ನೆಯ ಆಸುಪಾಸು ಇದ್ದದ್ದು ಈಗ +3, +4 ಆಗಿದ್ದರೆ ಸಹಜ. +10 ದಾಟಿದ್ದರೆ ಎಥನಾಲಿನ ಜೊತೆ ಬೇರೆ ಏನೋ ಇದೆ. ಗಾಳಿ ಸೋರುತ್ತಿರಬಹುದು, ಫಿಲ್ಟರ್ ಕಟ್ಟಿರಬಹುದು. ನಂತರ ರೀಮ್ಯಾಪ್ ಮಾಡಿದವರ ಹತ್ತಿರವೇ ಹೋಗಿ, ಪೂರ್ತಿ ತುಳಿದಾಗಿನ ಲಾಗ್ ತೆಗೆಸಿ. ರೈಲ್ ಪ್ರೆಶರ್ (ಇಂಜೆಕ್ಟರಿಗೆ ಬರುವ ಇಂಧನದ ಒತ್ತಡ) ಕೇಳಿದಷ್ಟು ಬರುತ್ತಿದೆಯಾ, ನಾಕ್ ಆಗಿ ಟೈಮಿಂಗ್ (ಸ್ಪಾರ್ಕ್ ಕೊಡುವ ಕ್ಷಣ) ಹಿಂದಕ್ಕೆ ಹೋಗುತ್ತಿದೆಯಾ, ಇವೆರಡು ಸಾಕು. ಮ್ಯಾಪ್ ಮಾಡುವಾಗ ಯಾವ ಪೆಟ್ರೋಲ್ ಹಾಕಿದ್ದರು ಅಂತಲೂ ತಪ್ಪದೆ ಕೇಳಿ.

ಇನ್ನು ರಬ್ಬರು. 2023ರ ಏಪ್ರಿಲ್‌ನಿಂದ ಬಂದ ಕಾರುಗಳ ಹೋಸ್, ಸೀಲ್‌ಗಳು ಇ20 ತಡೆಯುವಂಥವು. ನಿಮ್ಮದು ಅದಕ್ಕೂ ಹಿಂದಿನದು. ಪೆಟ್ರೋಲ್ ಮುಚ್ಚಳದ ಒಳಗಿನ ಸ್ಟಿಕ್ಕರ್ ಅಥವಾ ಮ್ಯಾನುವಲ್‌ನಲ್ಲಿ ಇ10 ಅಂತ ಮಾತ್ರ ಇದ್ದರೆ, ಕಂಪನಿಯಿಂದ ಬರವಣಿಗೆಯಲ್ಲೇ ಉತ್ತರ ಕೇಳಿ. ಹೋಸ್ ಉಬ್ಬಿದರೆ, ಬಿರುಕು ಬಿಟ್ಟರೆ ಅಥವಾ ಬಾನೆಟ್ ತೆಗೆದಾಗ ಪೆಟ್ರೋಲ್ ವಾಸನೆ ಹೊಡೆದರೆ ಮುಂದಿನ ಸರ್ವೀಸ್‌ವರೆಗೆ ಕಾಯಬೇಡಿ, ಅದು ಬೆಂಕಿಯ ವಿಷಯ. ಎಥನಾಲ್ ಟ್ಯಾಂಕಿನ ಹಳೇ ಕೊಳೆಯನ್ನೂ ತೊಳೆದು ತರುತ್ತದೆ. ಫ್ಯೂಯೆಲ್ ಫಿಲ್ಟರ್ ಒಮ್ಮೆ ಬದಲಾಯಿಸುವುದು ಒಳ್ಳೆಯದು.

ನಿಮ್ಮ ಟ್ಯಾಂಕಲ್ಲಿ ಎಥನಾಲ್ ಎಷ್ಟಿದೆ ಅಂತ ನೋಡಬೇಕಾ? 100 ಮಿಲಿ ಅಳತೆಯ ಗಾಜಿನ ಸಿಲಿಂಡರಿಗೆ 90 ಮಿಲಿ ಪೆಟ್ರೋಲ್, 10 ಮಿಲಿ ನೀರು ಹಾಕಿ, ಮುಚ್ಚಿ, ಕುಲುಕಿ ಇಡಿ. ಎಥನಾಲ್ ಪೆಟ್ರೋಲ್ ಬಿಟ್ಟು ನೀರಿನ ಜೊತೆ ಕೆಳಗಿಳಿಯುತ್ತದೆ. ಸ್ವಲ್ಪ ಹೊತ್ತಿನಲ್ಲಿ ಗೆರೆ ಸ್ಪಷ್ಟವಾಗಿ ಕಾಣುತ್ತದೆ. ಕೆಳಗಿನ ಪದರ 28 ಮಿಲಿ ಹತ್ತಿರ ನಿಂತರೆ (10 ಮಿಲಿ ನೀರು, 18 ಮಿಲಿ ಎಥನಾಲ್) ಇ20. ಬಯಲಲ್ಲೇ ಮಾಡಿ, ಹತ್ತಿರ ಬೆಂಕಿ ಬೇಡ. ಮಾಡಿದ್ದನ್ನು ಟ್ಯಾಂಕಿಗೆ ವಾಪಸ್ ಸುರಿಯಬೇಡಿ.

ಇನ್ನೊಂದು ಮಾತು. ಎಥನಾಲ್ ಟರ್ಬೋಗೆ ಒಳ್ಳೇದು ಅಂದ ಕೂಡಲೇ ಕೆಲವರಿಗೆ ಆಸೆ ಹುಟ್ಟುತ್ತದೆ. 2024ರ ಮಾರ್ಚ್‌ನಲ್ಲಿ ಇಂಡಿಯನ್ ಆಯಿಲ್ ಕರ್ನಾಟಕವೂ ಸೇರಿ ಐದು ರಾಜ್ಯಗಳ ಕೆಲವು ಬಂಕುಗಳಲ್ಲಿ 'ಎಥನಾಲ್ 100' ಮಾರಲು ಶುರು ಮಾಡಿತು. ಅದರಲ್ಲಿ ಸುಮಾರು ಶೇ. 93 ಎಥನಾಲ್. ಅದು ಎಥನಾಲ್ ಎಷ್ಟಿದ್ದರೂ ಓಡುವಂತೆ ಮಾಡಿದ ಫ್ಲೆಕ್ಸ್ ಫ್ಯೂಯೆಲ್ ವಾಹನಗಳಿಗೆ. 30 ಲೀಟರ್ ಇ20ಗೆ ಅದನ್ನು 10 ಲೀಟರ್ ಬೆರೆಸಿದರೆ ಸುಮಾರು ಇ38 ಆಗುತ್ತದೆ. ಆಗ ಬರೀ ಪೆಟ್ರೋಲಿಗೆ ಹೋಲಿಸಿದರೆ ಶೇ. 15ರಷ್ಟು ಹೆಚ್ಚು ಇಂಧನ ಬೇಕು. ನಿಮ್ಮ ಕಾರಿನ ಪಂಪು, ಮ್ಯಾಪು ಎರಡೂ ಅದಕ್ಕೆ ತಯಾರಾಗಿಲ್ಲ. ದಯವಿಟ್ಟು ಮಾಡಬೇಡಿ.

ಕಾರನ್ನು ಭಾನುವಾರ ಮಾತ್ರ ತೆಗೆಯುವವರಾದರೆ ಟ್ಯಾಂಕ್ ಅರ್ಧ ಖಾಲಿ ಬಿಟ್ಟು ತಿಂಗಳುಗಟ್ಟಲೆ ನಿಲ್ಲಿಸಬೇಡಿ. ಎಥನಾಲ್ ಗಾಳಿಯ ತೇವ ಹೀರುತ್ತದೆ, ಮಳೆಗಾಲದಲ್ಲಂತೂ ಇನ್ನೂ ಜಾಸ್ತಿ. ನೀರು ಹೆಚ್ಚಾದರೆ ಆ ಗಾಜಿನ ಸಿಲಿಂಡರಿನಲ್ಲಿ ಕಂಡ ಗೆರೆಯೇ ನಿಮ್ಮ ಟ್ಯಾಂಕಿನ ತಳದಲ್ಲೂ ಮೂಡುತ್ತದೆ, ಪಂಪ್ ಮೊದಲು ಎಳೆಯುವುದು ಆ ತಳದ್ದನ್ನೇ.