ಸ್ಯಾನ್ಸ್ ಸೆರಿಫ್ ಇಟಾಲಿಕ್

ಗೆರೆಗಳ ತುದಿಯಲ್ಲಿ ಪುಟ್ಟ ಚಾಚುಗಳಿಲ್ಲದ ರೋಮನ್ ಅಕ್ಷರಶೈಲಿಯೇ ಸ್ಯಾನ್ಸ್ ಸೆರಿಫ್. ಅದರ ನೆಟ್ಟನೆಯ ರೂಪದ ಜೊತೆಗೆ ಬಲಕ್ಕೆ ವಾಲಿದ ಇನ್ನೊಂದು ರೂಪವೂ ಬರುತ್ತದೆ. ವಾಲಿದ ರೂಪಗಳನ್ನೆಲ್ಲ ಫಾಂಟ್ ಮೆನುವಿನಲ್ಲಿ ಸಾಮಾನ್ಯವಾಗಿ ‘ಇಟಾಲಿಕ್’ ಎಂದೇ ಕರೆದರೂ, ವಾಲಿದ್ದೆಲ್ಲ ಒಂದೇ ಜಾತಿಯದಲ್ಲ.

ಇಟಾಲಿಕ್‌ನ ಮೂಲ ಓರೆಯಲ್ಲಿಲ್ಲ, ವೇಗದ ಕೈಬರಹದಲ್ಲಿದೆ. ವೆನಿಸ್‌ನ ಮುದ್ರಕ ಆಲ್ಡಸ್ ಮನೂಷಿಯಸ್ 1501ರಲ್ಲಿ ರೋಮನ್ ಕವಿ ವರ್ಜಿಲನ ಕಾವ್ಯವನ್ನು ಇಡಿಯಾಗಿ ಈ ಅಕ್ಷರದಲ್ಲಿ ಅಚ್ಚು ಹಾಕಿದ. ಅಚ್ಚಿನ ಮೊಳೆ ಕೊರೆದವನು ಫ್ರಾನ್ಸೆಸ್ಕೊ ಗ್ರಿಫೊ. ಒತ್ತು ಕೊಡುವ ಕೆಲಸ ಅದಕ್ಕೆ ಅಂಟಿಕೊಂಡದ್ದು ಆಮೇಲೆ. ಸ್ಯಾನ್ಸ್ ಸೆರಿಫ್ ಮೊಳೆ ಕಾಣಿಸಿಕೊಂಡದ್ದು 1816ರ ಸುಮಾರಿಗೆ, ಲಂಡನ್ನಿನಲ್ಲಿ, ಅದೂ ಬರೀ ದೊಡ್ಡಕ್ಷರಗಳಲ್ಲಿ. ಲೇಖನಿಯ ನೆಂಟಸ್ತನ ಅದಕ್ಕೆ ಅಷ್ಟಾಗಿ ಇರಲಿಲ್ಲ. ಹಾಗಾಗಿ ಇಟಾಲಿಕ್ ಬೇಕೆನಿಸಿದಾಗ ಬಹಳಷ್ಟು ವಿನ್ಯಾಸಕಾರರು ಇದ್ದ ರೂಪವನ್ನೇ ವಾಲಿಸಿದರು. ಇದಕ್ಕೆ ಒಬ್ಲೀಕ್ ಎಂದು ಹೆಸರು. 1957ರ ಹೆಲ್ವೆಟಿಕಾ, ಯೂನಿವರ್ಸ್ ಫಾಂಟ್‌ಗಳೆರಡೂ ಈ ದಾರಿಯವು. 1928ರ ಗಿಲ್ ಸ್ಯಾನ್ಸ್, 1990ರ ದಶಕದ ಸ್ಕಾಲಾ ಸ್ಯಾನ್ಸ್ ಇಟಾಲಿಕ್‌ಗಳು ಕೈಬರಹದ ಕಡೆಗೆ ತಿರುಗಿದವು.

ಗುರುತು ಹಿಡಿಯಲು ಇಂಗ್ಲಿಷಿನ ಸಣ್ಣ ‘ಎ’ (a) ಅಕ್ಷರ ನೋಡಿದರೆ ಬಹುತೇಕ ಸಾಕು. ನೆಟ್ಟನೆಯ ರೂಪದಲ್ಲಿ ಹೊಟ್ಟೆಯ ಮೇಲೊಂದು ಕೊಕ್ಕೆ ಬಾಗಿರುತ್ತದೆ. ಒಬ್ಲೀಕ್‌ನಲ್ಲಿ ಅದು ಹಾಗೆಯೇ ಓರೆಯಾಗುತ್ತದೆ. ನಿಜವಾದ ಇಟಾಲಿಕ್‌ನಲ್ಲಿ ಕೊಕ್ಕೆ ಮಾಯವಾಗಿ, ಕೈಯಲ್ಲಿ ಬರೆದಂತೆ ಒಂದು ಸುತ್ತು, ಒಂದು ಗೆರೆ ಉಳಿಯುತ್ತದೆ. ಸಣ್ಣ ‘ಎಫ್’ ಕೆಲವೊಮ್ಮೆ ಸಾಲಿನ ಕೆಳಗೂ ಇಳಿಯುತ್ತದೆ. ಅಕ್ಷರಗಳು ತುಸು ಇಕ್ಕಟ್ಟಾಗುವುದೂ ಉಂಟು.

ಒಬ್ಲೀಕ್ ಎಂದರೆ ಸೋಮಾರಿ ಕೆಲಸ ಎಂದುಕೊಳ್ಳಬೇಡಿ. ಇಂಗ್ಲಿಷಿನ ‘ಓ’ (O) ಅಕ್ಷರವನ್ನು ಯಂತ್ರದಿಂದ ಬಲಕ್ಕೆ ತಳ್ಳಿ ನೋಡಿ: ಮೇಲಿನ ಬಲ, ಕೆಳಗಿನ ಎಡ ಮೂಲೆಗಳಲ್ಲಿ ಗೆರೆ ದಪ್ಪಗಾಗುತ್ತದೆ, ಉಳಿದೆರಡು ಮೂಲೆಗಳಲ್ಲಿ ಬಡಕಲಾಗುತ್ತದೆ. ಒಳ್ಳೆಯ ವಿನ್ಯಾಸಕಾರ ಈ ವಕ್ರಗಳನ್ನು ಒಂದೊಂದಾಗಿ ತಿದ್ದುತ್ತಾನೆ.

ಬಳಕೆ ಗೊತ್ತಿರುವಂಥದ್ದೇ: ಪುಸ್ತಕದ ಹೆಸರು, ಜೀವಿಗಳ ವೈಜ್ಞಾನಿಕ ಹೆಸರು, ಚಿತ್ರದ ಕೆಳಗಿನ ಟಿಪ್ಪಣಿ, ಒತ್ತಿ ಹೇಳುವ ಮಾತು. ಕೋಡ್ ಎಡಿಟರ್‌ಗಳಲ್ಲಿ ಕಾಮೆಂಟ್‌ಗಳನ್ನು ಬೇರೆಯಾಗಿ ತೋರಿಸಲೂ ಇದನ್ನು ಬಳಸುತ್ತಾರೆ. ಓದುವ ಪಠ್ಯದ ನಡುವೆ ಒಂದೇ ಪದ ಎದ್ದು ಕಾಣಬೇಕಿದ್ದರೆ ನನ್ನ ಆಯ್ಕೆ ನಿಜವಾದ ಇಟಾಲಿಕ್. ಸಣ್ಣ ಗಾತ್ರದಲ್ಲಿ ಒಬ್ಲೀಕ್‌ನ ಓರೆ ಕಣ್ತಪ್ಪಿ ಹೋಗುತ್ತದೆ. ದೊಡ್ಡ ಶೀರ್ಷಿಕೆಯಲ್ಲಿ ಮಾತ್ರ ಒಬ್ಲೀಕ್‌ನ ಬಿಗುವೇ ಚೆಂದ. ಪ್ಯಾರಾಗಟ್ಟಲೆ ಇಟಾಲಿಕ್ ಬೇಡ. ಡಿಸ್ಲೆಕ್ಸಿಯಾ (ಓದುವುದನ್ನು ಕಷ್ಟವಾಗಿಸುವ ತೊಂದರೆ) ಇರುವವರಿಗಾಗಿ ಬರೆಯುವಾಗ ಅದನ್ನು ಬಿಡುವಂತೆ ಬ್ರಿಟಿಷ್ ಡಿಸ್ಲೆಕ್ಸಿಯಾ ಅಸೋಸಿಯೇಷನ್ ಸಲಹೆ ನೀಡುತ್ತದೆ.

ವೆಬ್‌ಪುಟಕ್ಕೆ ಫಾಂಟ್ ಸೇರಿಸುವವರು ಇಟಾಲಿಕ್ ಫೈಲನ್ನೂ ಸೇರಿಸಬೇಕು. ಇಲ್ಲದಿದ್ದರೆ ಬ್ರೌಸರ್ ತಾನೇ ನೆಟ್ಟನೆಯ ಅಕ್ಷರವನ್ನು ತಳ್ಳಿ ನಕಲಿ ಇಟಾಲಿಕ್ ತೋರಿಸುತ್ತದೆ, ಆ ಬಡಕಲು ‘ಓ’ ಸಮೇತ.