ಪಿಲ್ಲರ್ ಎದ್ದ ಮೇಲೆ ಕೆಲಸ ಯಾಕೆ ನಿಲ್ಲುತ್ತದೆ?

ಪ್ರಶ್ನೆ: ಬೇಲೂರು ತಾಲ್ಲೂಕಿನ ನಮ್ಮೂರಲ್ಲಿ ಸಮುದಾಯ ಭವನ ಪಿಲ್ಲರ್ ಮಟ್ಟಕ್ಕೆ ಬಂದು ನಿಂತುಬಿಟ್ಟಿದೆ. ಕಂಬಿಗಳು ತುಕ್ಕು ಹಿಡಿಯುತ್ತಿವೆ. ಕೇಳಿದರೆ 'ಅನುದಾನ ಬಂದಿಲ್ಲ' ಅಂತಾರೆ. ದುಡ್ಡು ತಿಂದು ಹಾಕಿದ್ರಾ ಸಾರ್?

ಉತ್ತರ: ತಿಂದಿರಲೂಬಹುದು. ಆದರೆ ತಿನ್ನುವವರು ಪೂರ್ತಿ ಮುಗಿದ ಕಟ್ಟಡದಲ್ಲೂ ತಿನ್ನುತ್ತಾರೆ, ಅಲ್ವಾ? ಕೆಲಸ ಮುಗಿದರೆ ತಾನೇ ಕೊನೆಯ ಬಿಲ್ ಪಾಸಾಗೋದು. ಹಾಗಾಗಿ ಕೆಲಸ ಅರ್ಧಕ್ಕೆ ನಿಂತಿದ್ದಕ್ಕೆ ಬೇರೆ ಕಾರಣವನ್ನೂ ಹುಡುಕಬೇಕು.

'ಅನುದಾನ ಬಂದಿಲ್ಲ' ಅನ್ನೋದು ಎಷ್ಟೋ ಸಲ ನಿಜವೇ. ಶಾಸಕರ ಪ್ರದೇಶಾಭಿವೃದ್ಧಿ ನಿಧಿ ಅಂತ ಸಿಗುವುದು ವರ್ಷಕ್ಕೆ 2 ಕೋಟಿ ರೂಪಾಯಿ. ಭವನ, ದೇವಸ್ಥಾನದ ಮುಂದಿನ ಶೆಡ್ಡು, ಸ್ಮಶಾನದ ಕಾಂಪೌಂಡು ಅಂತ ಕೇಳುವ ಊರುಗಳು ಲೆಕ್ಕವಿಲ್ಲದಷ್ಟು. ಯಾರಿಗೂ ಇಲ್ಲ ಅನ್ನಲಾಗದೆ ಇಲ್ಲಿಗಿಷ್ಟು, ಅಲ್ಲಿಗಿಷ್ಟು ಅಂತ ಹಂಚುತ್ತಾರೆ. ಸಿಕ್ಕಿದ್ದರಲ್ಲಿ ಪಾಯ, ಪಿಲ್ಲರ್ ಏಳುತ್ತವೆ. ಉಳಿದದ್ದು ಮುಂದಿನ ವರ್ಷ. ಮುಂದಿನ ವರ್ಷ ಬೇರೆ ಊರಿನವರು ಅರ್ಜಿ ಹಿಡಿದು ನಿಂತಿರುತ್ತಾರೆ. ಹತ್ತು ಎಲೆ ಹಾಕಿ, ನಾಲ್ಕು ಜನಕ್ಕಾಗುವಷ್ಟು ಅಕ್ಕಿ ಒಲೆಗಿಟ್ಟ ಹಾಗೆ.

ಗುದ್ದಲಿ ಪೂಜೆಗೆ ಶಾಲು, ಹಾರ, ಫ್ಲೆಕ್ಸ್ ಎಲ್ಲ ಇರುತ್ತದೆ. ಉದ್ಘಾಟನೆಗೂ ಇರುತ್ತದೆ, ಇಲ್ಲ ಅನ್ನಲ್ಲ. ಆದರೆ ಅಷ್ಟೊತ್ತಿಗೆ ಶಾಸಕರೇ ಬದಲಾಗಿರಬಹುದು. ಹಿಂದಿನವರು ಶುರು ಮಾಡಿದ್ದನ್ನು ಮುಗಿಸುವ ಆತುರ ಯಾರಿಗಿದೆ?

ಇದು ನಮ್ಮ ಜಿಲ್ಲೆಯ ರೋಗ ಮಾತ್ರ ಅಲ್ಲ. ಆಫ್ರಿಕಾದ ಘಾನಾ ದೇಶದಲ್ಲಿ ಸ್ಥಳೀಯ ಸಂಸ್ಥೆಗಳ 14,000ಕ್ಕೂ ಹೆಚ್ಚು ಸಣ್ಣ ಕಾಮಗಾರಿಗಳನ್ನು ನೋಡಿ 2017ರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಶುರುವಾದ ಕೆಲಸಗಳಲ್ಲಿ ಸುಮಾರು ಮೂರರಲ್ಲೊಂದು ಮುಗಿಯುವುದೇ ಇಲ್ಲ ಅಂತ ಅದರಲ್ಲಿ ಗೊತ್ತಾಯಿತು. ಅಲ್ಲೂ ದೊಡ್ಡ ಕಾರಣ ಲಂಚವಲ್ಲ. ಹಳೆಯದಕ್ಕೆ ಇಡಬೇಕಾದ ದುಡ್ಡು ಹೊಸದಕ್ಕೆ ಹೋಗುತ್ತಿತ್ತು.

ಇನ್ನು ಗುತ್ತಿಗೆದಾರರ ಕಡೆ. ಎಂಜಿನಿಯರ್ ಬಂದು ಅಳತೆ ತೆಗೆದು ಎಂಬಿಯಲ್ಲಿ, ಅಂದರೆ ಆದ ಕೆಲಸದ ಅಳತೆ ಪುಸ್ತಕದಲ್ಲಿ (ಮೆಷರ್‌ಮೆಂಟ್ ಬುಕ್), ಬರೆದ ಮೇಲೆ ಬಿಲ್. ಬಿಲ್ ಆದರೂ ಹಣ ತಿಂಗಳುಗಟ್ಟಲೆ ಬರುವುದಿಲ್ಲ. ಸಿಮೆಂಟ್ ಅಂಗಡಿಯವರು ಸಾಲ ನಿಲ್ಲಿಸುತ್ತಾರೆ, ಗಾರೆಯವರು ಕಾಫಿ ತೋಟದ ಕೆಲಸಕ್ಕೋ ಬೆಂಗಳೂರಿಗೋ ಹೊರಡುತ್ತಾರೆ. ಸಕಲೇಶಪುರದ ಕಡೆ ಮಳೆಗಾಲದ ನಾಲ್ಕು ತಿಂಗಳು ಹೇಗೂ ಕೆಲಸ ಕುಂಟುತ್ತದೆ. ಜೊತೆಗೆ ಸರ್ಕಾರಿ ಕಾಮಗಾರಿಗಳ ಜಿಎಸ್‌ಟಿ 2022ರ ಜುಲೈನಲ್ಲಿ 12ರಿಂದ 18 ಪರ್ಸೆಂಟ್‌ಗೆ ಏರಿತು. ಕಡಿಮೆ ದರ ಬರೆದು ಟೆಂಡರ್ ಹಿಡಿದವರಿಗೆ ಇಂಥ ಹೊಡೆತ ತಡೆಯುವುದಿಲ್ಲ.

ನನ್ನ ಪ್ರಕಾರ ನಿಜವಾದ ಕಗ್ಗಂಟು ಇರುವುದು ಕೆಲಸ ನಿಂತ ಮೇಲೆ. ಹಳೇ ಗುತ್ತಿಗೆ ರದ್ದಾಗಬೇಕು, ಅವರು ಕೋರ್ಟಿಗೆ ಹೋಗದಿರಬೇಕು. ಉಳಿದ ಕೆಲಸಕ್ಕೆ ಹೊಸ ದರದಲ್ಲಿ ಎಸ್ಟಿಮೇಟ್ ಆಗಬೇಕು, ಅದು ಮೊದಲಿಗಿಂತ ಜಾಸ್ತಿಯೇ ಬರುತ್ತದೆ. ಹೊಸಬರು ಬಂದರೆ ಮೊದಲು ನೋಡುವುದು ಪಿಲ್ಲರ್ ತಲೆಯ ಕಂಬಿ. ಎರಡು ಮಳೆಗಾಲ ನೆಂದ ಕಂಬಿ ಉಜ್ಜಿದರೆ ಚಕ್ಕೆ ಚಕ್ಕೆಯಾಗಿ ಉದುರುತ್ತದೆ. 'ಯಾರೋ ಹಾಕಿದ ಪಾಯಕ್ಕೆ ನಾನ್ಯಾಕೆ ಜವಾಬ್ದಾರಿ ಹೊರಲಿ' ಅಂತ ಹಿಂದೆ ಸರಿಯುತ್ತಾರೆ. ತಪ್ಪು ಅನ್ನಲಾಗದು.

ದೊಡ್ಡ ಯೋಜನೆಗಳ ಕಥೆಯೂ ಹೀಗೇ. ಹಾಸನದ ಭುವನಹಳ್ಳಿ ಬಳಿಯ ವಿಮಾನ ನಿಲ್ದಾಣಕ್ಕೆ 2007ರಲ್ಲೇ ಅಡಿಗಲ್ಲು ಬಿತ್ತು. ಖಾಸಗಿಯವರ ಕೈಯಲ್ಲಿದ್ದ ಕೆಲಸ ಮುಂದೆ ಹೋಗಲಿಲ್ಲ. ಮತ್ತೆ ಜೀವ ಬಂದಿದ್ದು 2021ರಲ್ಲಿ.

ನಿಮ್ಮ ಭವನದ ವಿಷಯಕ್ಕೆ ಬರೋಣ. ಸುಮ್ನೆ ಜಗಳ ಆಡಬೇಡಿ. 10 ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಒಂದು ಅರ್ಜಿ ಹಾಕಿ. ಕಾರ್ಯಾದೇಶ, ಎಸ್ಟಿಮೇಟ್, ಎಂಬಿ ಪ್ರತಿ, ಇಲ್ಲಿವರೆಗೆ ಬಿಡುಗಡೆಯಾದ ಹಣ, ಇಷ್ಟು ಕೇಳಿದರೆ ಸಾಕು. 30 ದಿನದೊಳಗೆ ಉತ್ತರ ಕೊಡಬೇಕು. ಕಾಮಗಾರಿಯನ್ನು ಸ್ಥಳದಲ್ಲೇ ಪರಿಶೀಲಿಸುವ, ಸಾಮಗ್ರಿಯ ದೃಢೀಕೃತ ಮಾದರಿ ಪಡೆಯುವ ಹಕ್ಕೂ ಅದೇ ಕಾಯ್ದೆಯಲ್ಲಿದೆ. ಎಂಬಿಯಲ್ಲಿ ಸ್ಲ್ಯಾಬ್ ಹಾಕಿದ್ದಾಗಿದೆ ಅಂತಿದ್ದು, ಊರಲ್ಲಿ ಬರೀ ಪಿಲ್ಲರ್ ಇದ್ದರೆ ನಿಮ್ಮ ಅನುಮಾನವೇ ಸರಿ, ಲೋಕಾಯುಕ್ತಕ್ಕೆ ದೂರು ಕೊಡಿ. ಎರಡೂ ತಾಳೆಯಾದರೆ ದುಡ್ಡು ಬಂದಿಲ್ಲ ಅಂತಲೇ ಅರ್ಥ. ಆಗ ಹೋಗಬೇಕಾದ್ದು ಶಾಸಕರ ಕಚೇರಿಗೆ, ಅದೂ ಮುಂದಿನ ವರ್ಷದ ಕ್ರಿಯಾ ಯೋಜನೆ ತಯಾರಾಗುವ ಮೊದಲೇ.