"ದ್ರಾಕ್ಷಿ ವಾಸನೆಯೇ ಇಲ್ವಲ್ಲ ಮೇಡಂ!"

ನಂದಿಬೆಟ್ಟದ ತಪ್ಪಲಿನ ನಮ್ಮ ವೈನರಿಗೆ ಶನಿವಾರ, ಭಾನುವಾರ ಜನ ಬರುತ್ತಾರೆ. ಬೆಳಗಿನ ಜಾವ ಬೆಟ್ಟ ಹತ್ತಿ, ಮಂಜಿನಲ್ಲಿ ಫೋಟೋ ತೆಗೆಸಿಕೊಂಡು, ಇಳಿದ ಮೇಲೆ ಇಡ್ಲಿ ತಿಂದು, ಹನ್ನೊಂದರ ಹೊತ್ತಿಗೆ ನಮ್ಮ ಟೇಸ್ಟಿಂಗ್ ರೂಮಿನಲ್ಲಿ ಕೂತಿರುತ್ತಾರೆ. ಅರ್ಧಕ್ಕರ್ಧ ಮಂದಿ ಮೊದಲ ಸಲ ವೈನ್ ಮುಟ್ಟುವವರು. ಗ್ಲಾಸು ಮೂಗಿಗೆ ಹಿಡಿದ ಕೂಡಲೇ ಅವರ ಬಾಯಲ್ಲಿ ನಾನು ಅತಿ ಹೆಚ್ಚು ಸಲ ಕೇಳಿರುವ ಮಾತು ಇದು: "ದ್ರಾಕ್ಷಿ ವಾಸನೆಯೇ ಇಲ್ವಲ್ಲ ಮೇಡಂ!"

ನಾನು ತಿದ್ದಲು ಹೋಗುವುದಿಲ್ಲ. ಅವರ ಮೂಗು ಸರಿಯಾಗಿಯೇ ಇದೆ. ಈ ಸೀಮೆಯವರಿಗೆ ದ್ರಾಕ್ಷಿ ಎಂದರೆ ಬೆಂಗಳೂರು ನೀಲಿ. ಚಿಕ್ಕಬಳ್ಳಾಪುರ, ದೇವನಹಳ್ಳಿ, ಕೋಲಾರದ ಚಪ್ಪರಗಳಲ್ಲಿ ಜೋತಾಡುವ, ಸಿಪ್ಪೆ ದಪ್ಪನೆಯ, ಹಿಸುಕಿದರೆ ತಿರುಳು ಪುಳಕ್ಕನೆ ಬಾಯಿಗೆ ಜಾರುವ ಕಪ್ಪು ಹಣ್ಣು. 2013ರಲ್ಲಿ ಅದಕ್ಕೆ ಭೌಗೋಳಿಕ ಸೂಚಕದ ಮಾನ್ಯತೆಯೂ ಸಿಕ್ಕಿದೆ. ಬುಟ್ಟಿ ನಡುಮನೆಯಲ್ಲಿದ್ದರೆ ಅಡುಗೆಮನೆಯಲ್ಲಿದ್ದವರಿಗೆ ಗೊತ್ತಾಗುವಂಥ ಅದರ ಘಮಕ್ಕೆ ಮುಖ್ಯ ಕಾರಣ ಮೀಥೈಲ್ ಆಂಥ್ರನಿಲೇಟ್ ಎಂಬ ವಸ್ತು. ಮಲ್ಲಿಗೆಯಲ್ಲೂ ಅದಿದೆ. ಪೆಪ್ಪರಮೆಂಟಿಗೆ, ಬಣ್ಣದ ಸೋಡಾಕ್ಕೆ ಗ್ರೇಪ್ ಫ್ಲೇವರ್ ಎಂದು ಹಾಕುವುದೂ ಅದನ್ನೇ. ಬೆಂಗಳೂರು ನೀಲಿಯಲ್ಲಿ ಅಮೆರಿಕದ ಲ್ಯಾಬ್ರುಸ್ಕಾ ದ್ರಾಕ್ಷಿಯ ರಕ್ತವಿದೆ, ಈ ಗುಣ ಬಂದದ್ದು ಅಲ್ಲಿಂದ. ವೈನ್ ಪಂಡಿತರು ಈ ವಾಸನೆಗೆ ನರಿಯ ಹೆಸರು ಕಟ್ಟಿ ಮೂಗು ಮುರಿಯುತ್ತಾರೆ. ನರಿಯನ್ನು ಅಷ್ಟು ಹತ್ತಿರದಿಂದ ಮೂಸಿ ನೋಡಿದ ಪುಣ್ಯಾತ್ಮ ಯಾರೋ ಕಾಣೆ.

ನಾವು ವೈನಿಗೆ ಬಳಸುವ ಶಿರಾಜ್, ಕ್ಯಾಬರ್ನೆ ಸೋವಿನ್ಯೋನ್, ಶೆನಿನ್ ಬ್ಲಾಂಕ್ ಇವೆಲ್ಲ ಬೇರೆ ಕುಲದ ಹಣ್ಣು, ವಿನಿಫೆರಾ. ಕಾಳು ಸಣ್ಣದು, ಬೀಜ ಜಾಸ್ತಿ, ಸಿಹಿ ವಿಪರೀತ, ಘಮ ಮಾತ್ರ ಅಷ್ಟಕ್ಕಷ್ಟೆ. ಅದೇ ಕುಲದ ಸೋವಿನ್ಯೋನ್ ಬ್ಲಾಂಕ್ ಎಂಬ ಹಣ್ಣಿನ ರಸವನ್ನು ಹಿಂಡಿದ ದಿನ ಕುಡಿದರೆ ಬರೀ ಸಕ್ಕರೆ ನೀರು. ಎಂಟು ಹತ್ತು ದಿನ ಯೀಸ್ಟ್ ಕೆಲಸ ಮಾಡಿದ ಮೇಲೆ ಟ್ಯಾಂಕಿನ ಮುಚ್ಚಳ ತೆಗೆದರೆ ಮಾಗಿದ ಸೀಬೆಹಣ್ಣಿನ ವಾಸನೆ ಮುಖಕ್ಕೆ ಬಡಿಯುತ್ತದೆ. ನಾವು ಸೀಬೆ ಹಾಕಿರುವುದಿಲ್ಲ. ಹಣ್ಣಿನೊಳಗೆ ಬೇರೊಂದಕ್ಕೆ ಅಂಟಿಕೊಂಡು ಸುಮ್ಮನಿದ್ದ ಗಂಧಕದ ಸಂಯುಕ್ತವೊಂದನ್ನು ಯೀಸ್ಟ್ ಬಿಡಿಸಿ ಬಿಡುತ್ತದೆ. ಸೀಬೆಯಲ್ಲಿರುವುದೂ ಅದೇ ಸಂಯುಕ್ತ.

ಹೀಗೆ ವೈನಿನಲ್ಲಿ ಹುಡುಕಬೇಕಾದ್ದು ದ್ರಾಕ್ಷಿಯನ್ನಲ್ಲ, ದ್ರಾಕ್ಷಿ ಬಿಟ್ಟು ಮಿಕ್ಕಿದ್ದನ್ನ. ಅದಕ್ಕೆ ಬೇಕಾದ ಸರಕು ನಿಮ್ಮ ತಲೆಯಲ್ಲಿ ಆಗಲೇ ಇದೆ. ನನಗೆ ಇದು ತಡವಾಗಿ ತಿಳಿಯಿತು. ಕೆಲಸ ಕಲಿಯುವಾಗ ನಾಸಿಕ್ ಕಡೆಯ ಒಂದು ವೈನರಿಯಲ್ಲಿ ಒಂದು ಹಂಗಾಮು ಇದ್ದೆ. ಒಂದು ಮಧ್ಯಾಹ್ನ ಕ್ಯಾಬರ್ನೆ ಕೊಟ್ಟು, ಏನು ಕಾಣುತ್ತದೋ ಬರೆಯಿರಿ ಎಂದರು. ಪುಸ್ತಕದಲ್ಲಿ ಓದಿದ್ದೆನಲ್ಲ, ಠೀವಿಯಿಂದ "ಬ್ಲ್ಯಾಕ್‌ಕರಂಟ್, ಸೀಡರ್ ಮರ" ಎಂದು ಬರೆದೆ. ಹಿರಿಯರೊಬ್ಬರು ಚೀಟಿ ನೋಡಿ, ಬ್ಲ್ಯಾಕ್‌ಕರಂಟ್ ಎಂದಾದರೂ ತಿಂದಿದ್ದೀಯಾ ಎಂದು ಕೇಳಿದರು. ಇಲ್ಲ. ಸೀಡರ್ ಮರ ನೋಡಿದ್ದೀಯಾ? ಅದೂ ಇಲ್ಲ. ಇನ್ನೊಂದು ಸಲ ಮೂಸು ಎಂದರು. ಮೂಸಿದೆ. ನಮ್ಮ ತೋಟದ ಪಕ್ಕದ ಪಾಲಿಹೌಸಿನ ಬಾಗಿಲು ತೆಗೆದ ಹಾಗಾಯಿತು: ದೊಣ್ಣೆಮೆಣಸಿನಕಾಯಿ! ಶಾಲೆಯಿಂದ ಬಂದು ಕ್ರೇಟ್ ತುಂಬಿಸಿದ ವಾಸನೆ ಅದು. ಕ್ಯಾಬರ್ನೆಯಲ್ಲಿ ಪೈರಜೀನ್ ಎಂಬ ವಸ್ತು ಇರುತ್ತದೆ, ದೊಣ್ಣೆಮೆಣಸಿನಕಾಯಿಗೆ ಆ ಹಸಿ ವಾಸನೆ ಕೊಡುವುದೂ ಅದೇ. ಗೊನೆಗೆ ಬಿಸಿಲು ಬಿದ್ದು ಹಣ್ಣು ಮಾಗಿದಂತೆ ಕಡಿಮೆಯಾಗುತ್ತದೆ. ಆ ವೈನಿನಲ್ಲಿ ಅದು ದಂಡಿಯಾಗಿತ್ತು. ನಾನು ಮಾತ್ರ ಕಾಣದ ಊರಿನ ಹಣ್ಣಿನ ಹೆಸರು ಬರೆದು ಕೂತಿದ್ದೆ.

ಅಂದಿನಿಂದ ನನ್ನ ಟೇಬಲ್ಲಿನ ಮೇಲೆ ವಾಸನೆಗಳ ಹೆಸರಿನ ಮುದ್ರಿತ ಕಾರ್ಡು ಇಡುವುದಿಲ್ಲ. ಇಟ್ಟರೆ ಜನ ಮೂಸುವುದು ಬಿಟ್ಟು ಓದುತ್ತಾರೆ.

ವೈನಿನಲ್ಲಿ ಹೊಸಬರನ್ನು ಹೆದರಿಸುವುದು ಟ್ಯಾನಿನ್, ಹಣ್ಣಿನ ಸಿಪ್ಪೆ, ಬೀಜದಿಂದ ಬರುವ ವಸ್ತು. ಕೆಂಪು ವೈನ್ ಒಂದು ಗುಟುಕು ಕುಡಿದು ಮುಖ ಕಿವುಚಿ "ಕಹಿ" ಎನ್ನುತ್ತಾರೆ. ಕಹಿ ಹೌದಾ, ಸರಿಯಾಗಿ ನೋಡಿ ಹೇಳಿ ಎಂದರೆ ನಾಲಿಗೆಯನ್ನು ಅಂಗುಳಕ್ಕೆ ಒತ್ತಿ ಒತ್ತಿ ತೆಗೆಯುತ್ತಾರೆ. ಆ ಒತ್ತುವುದರಲ್ಲೇ ಉತ್ತರವಿದೆ. ಕಹಿ ನಾಲಿಗೆಗೆ ತಿಳಿಯುವ ರುಚಿ. ಇದು ಒಸಡು, ಕೆನ್ನೆಯ ಒಳಗೋಡೆ, ತುಟಿಯ ಹಿಂಬದಿ ಎಲ್ಲ ಕಡೆ ಹಿಡಿದುಕೊಳ್ಳುತ್ತದೆ. ಟ್ಯಾನಿನ್ ನಮ್ಮ ಜೊಲ್ಲಿನಲ್ಲಿರುವ ಪ್ರೊಟೀನಿಗೆ ಅಂಟಿಕೊಂಡು ಅದರ ಜಾರುವಿಕೆಯನ್ನು ಕಿತ್ತುಕೊಳ್ಳುತ್ತದೆ, ಬಾಯಿ ಒರಟಾಗುತ್ತದೆ. ಇದನ್ನು ಇಂಗ್ಲಿಷಿನಲ್ಲಿ ವಿವರಿಸಲು ಅರ್ಧ ಗಂಟೆ ಬೇಕು. ನಮ್ಮಲ್ಲಿ ಒಂದೇ ಮಾತು, ಒಗರು. ಆರು ರಸಗಳಲ್ಲಿ ಕಷಾಯ ಎಂದು ಅದಕ್ಕೊಂದು ಸ್ಥಾನವನ್ನೇ ಕೊಟ್ಟಿದ್ದಾರೆ ಹಿರಿಯರು. ನೇರಳೆ ಹಣ್ಣು, ಎಳೆ ಅಡಿಕೆ, ಬಾಳೆಕಾಯಿ, ಬೆಟ್ಟದ ನೆಲ್ಲಿ ತಿಂದ ನಾಲಿಗೆಗೆ ಟ್ಯಾನಿನ್ ಹಳೆಯ ಪರಿಚಯ, ಹೆಸರು ಮಾತ್ರ ಹೊಸದು. "ಓ, ಒಗರಾ!" ಎಂದ ಮೇಲೆ ಮುಖ ಕಿವುಚುವುದು ನಿಲ್ಲುತ್ತದೆ. ನೇರಳೆ ಹಣ್ಣು ಒಗರೆಂದು ಯಾರೂ ಬಿಸಾಡುವುದಿಲ್ಲವಲ್ಲ.

ವೈನ್ ಕೊಳ್ಳುವ ಮುಂಚೆ ಇದನ್ನು ಮನೆಯಲ್ಲೇ ಕಲಿಯಬಹುದು, ಖರ್ಚು ಒಂದು ಚಮಚ ಟೀಪುಡಿ. ಕುದಿಯುವ ನೀರಿಗೆ ಟೀಪುಡಿ ಹಾಕಿ ಹತ್ತು ನಿಮಿಷ ಬಿಡಿ. ಹಾಲು, ಸಕ್ಕರೆ ಬೇಡ. ಉಗುರುಬೆಚ್ಚಗಾದಾಗ ಒಂದು ಗುಟುಕು ತೆಗೆದುಕೊಂಡು ಬಾಯೆಲ್ಲ ಆಡಿಸಿ ನುಂಗಿ. ಹಲ್ಲಿನ ಮೇಲೆ ನಾಲಿಗೆ ಎಳೆದರೆ ಗೋಣಿಚೀಲ ಸವರಿದ ಹಾಗಿರುತ್ತದೆ. ಈಗ ಉಳಿದ ಟೀಗೆ ಎರಡು ಚಮಚ ಹಾಲು ಹಾಕಿ ಕುಡಿಯಿರಿ. ಒಗರು ಮಾಯ! ಟ್ಯಾನಿನ್ ಎಲ್ಲೂ ಹೋಗಲಿಲ್ಲ, ನಿಮ್ಮ ಜೊಲ್ಲಿನ ಬದಲು ಹಾಲಿನ ಪ್ರೊಟೀನಿಗೆ ಅಂಟಿಕೊಂಡಿತು. ಕೆಂಪು ವೈನಿನ ಜೊತೆ ಚೀಸ್, ಮಾಂಸ ಇಡುವುದರ ಹಿಂದಿನ ಗುಟ್ಟು ಇಷ್ಟೇ. ಟೇಸ್ಟಿಂಗ್ ರೂಮಿನಲ್ಲಿ ಫ್ರಾನ್ಸಿನ ಚೀಸ್ ಕೇಳುವವರಿಗೆ ನಾನು ಉಪ್ಪು ಸವರಿದ ಪನೀರ್ ತುಂಡು ಕೊಡುತ್ತೇನೆ, ಕೆಲಸ ನಡೆಯುತ್ತದೆ.

ಹುಳಿಯ ಕಥೆ ಇನ್ನೂ ಹತ್ತಿರದ್ದು. ಕಳೆದ ಬೇಸಿಗೆಯಲ್ಲಿ ಒಬ್ಬರು ನಮ್ಮ ಬಾಟಲಿ ಹಿಡಿದು ಜಗಳಕ್ಕೇ ಬಂದರು. ತಳದಲ್ಲಿ ಗಾಜಿನ ಚೂರು ಇದೆ ಎಂಬ ದೂರು. ಬಾಟಲಿ ತಿಂಗಳುಗಟ್ಟಲೆ ಅವರ ಫ್ರಿಜ್ಜಿನಲ್ಲಿತ್ತಂತೆ. ಬಸಿದು ನೋಡಿದರೆ ಸಣ್ಣ ಕಲ್ಲುಸಕ್ಕರೆಯಂಥ ಹರಳುಗಳು. ನಾನೇ ಒಂದು ಹರಳು ಬಾಯಿಗೆ ಹಾಕಿಕೊಂಡು, ಅವರಿಗೂ ಒಂದು ಕೊಟ್ಟೆ. ಅನುಮಾನದಿಂದಲೇ ನಾಲಿಗೆಗೆ ತಾಗಿಸಿ, "ಹುಣಸೆಹಣ್ಣಿನ ಥರ ಹುಳಿ" ಎಂದರು. ಅವರಿಗೆ ಗೊತ್ತಿಲ್ಲದೆ ರಸಾಯನಶಾಸ್ತ್ರ ಹೇಳಿದ್ದರು. ಬಹುಪಾಲು ಹಣ್ಣುಗಳ ಹುಳಿ ಸಿಟ್ರಿಕ್ ಅಥವಾ ಮ್ಯಾಲಿಕ್ ಆಮ್ಲದ್ದು. ಟಾರ್ಟಾರಿಕ್ ಆಮ್ಲವನ್ನು ಈ ಪ್ರಮಾಣದಲ್ಲಿ ಇಟ್ಟುಕೊಳ್ಳುವ ಹಣ್ಣುಗಳು ಬೆರಳೆಣಿಕೆಯಷ್ಟು, ಅದರಲ್ಲಿ ಎರಡು ದ್ರಾಕ್ಷಿ ಮತ್ತು ಹುಣಸೆ. ವೈನ್ ತಣ್ಣಗಾದಾಗ ಆ ಆಮ್ಲ ಪೊಟ್ಯಾಶಿಯಮ್ ಜೊತೆ ಸೇರಿ ಹರಳುಗಟ್ಟಿ ತಳಕ್ಕಿಳಿಯುತ್ತದೆ. ತಿಂದರೂ ತೊಂದರೆಯಿಲ್ಲ.

ಹುಳಿ ಎಷ್ಟಿದೆ ಎಂದು ಅಳೆಯಲು ನುಂಗಿದ ಮೇಲೆ ಬಾಯಿ ಮುಚ್ಚಿ ತಲೆ ಸ್ವಲ್ಪ ಬಗ್ಗಿಸಿ ಕೂತಿರಿ. ಹಲ್ಲಿನ ಹಿಂದೆ ನೀರು ಊರುತ್ತದೆ. ಬೇಗ ಊರಿದಷ್ಟೂ ಹುಳಿ ಹೆಚ್ಚು. ನಮ್ಮ ಕಡೆಯ ವೈನಿಗೆ ಈ ಹುಳಿಯೇ ಆಸ್ತಿ. ಬಿಸಿಲ ಸೀಮೆಯಲ್ಲಿ ಹಣ್ಣು ಮಾಗುವಾಗ ಮ್ಯಾಲಿಕ್ ಆಮ್ಲ ಉರಿದುಹೋಗುತ್ತದೆ. ಇಲ್ಲಿ ನೆಲವೇ ಸಮುದ್ರಮಟ್ಟದಿಂದ 900 ಮೀಟರ್ ಆಸುಪಾಸಿನಲ್ಲಿದೆ, ರಾತ್ರಿ ತಂಪು, ಹಾಗಾಗಿ ಹುಳಿ ಅಷ್ಟಿಷ್ಟು ಉಳಿಯುತ್ತದೆ. ಆದರೆ ಸಕ್ಕರೆ ಹುಳಿಯನ್ನು ಮುಚ್ಚಿಬಿಡುತ್ತದೆ. ರಾಮನವಮಿ ಪಾನಕದಲ್ಲಿ ಎಷ್ಟು ನಿಂಬೆ ಹಿಂಡಿರುತ್ತಾರೆ ಎಂದು ಬೆಲ್ಲ ಹಾಕುವ ಮುಂಚೆ ಕುಡಿದವರಿಗಷ್ಟೇ ಗೊತ್ತು. ಸಿಹಿ ವೈನಿನಿಂದ ಕಲಿಕೆ ಶುರು ಮಾಡಬೇಡಿ ಎಂದು ನಾನು ಹೇಳುವುದು ಇದಕ್ಕೇ. ಇಷ್ಟವಾದರೆ ಖಂಡಿತ ಕುಡಿಯಿರಿ, ಅದರಿಂದ ಕಲಿಯುವುದು ಕಷ್ಟ ಅಷ್ಟೆ.

ಗ್ಲಾಸು ತಿರುಗಿಸುವುದು ಶೋಕಿಗಲ್ಲ. ವೈನ್ ಗೋಡೆಗೆ ಹರಡಿಕೊಂಡರೆ ಘಮ ಬೇಗ ಏಳುತ್ತದೆ. ಗ್ಲಾಸನ್ನು ಟೇಬಲ್ಲಿನ ಮೇಲೇ ಇಟ್ಟು ರಾಗಿ ಕಲ್ಲು ತಿರುಗಿಸಿದ ಹಾಗೆ ತಿರುಗಿಸಿ, ಅಂಗಿ ಉಳಿಯುತ್ತದೆ. ಮೂರನೇ ಒಂದು ಭಾಗಕ್ಕಿಂತ ಹೆಚ್ಚು ತುಂಬಬೇಡಿ. ಮುಡಿದ ಮಲ್ಲಿಗೆ, ಸೆಂಟು, ಊದುಬತ್ತಿ ಇವು ನನ್ನ ಶತ್ರುಗಳು. ಒಂದು ಭಾನುವಾರ ಮದುವೆ ಮನೆಯಿಂದ ನೇರ ಬಂದ ಗುಂಪಿಗೆ ಬಿಳಿ ವೈನಿನಲ್ಲಿ ಮಲ್ಲಿಗೆ ಬಿಟ್ಟು ಬೇರೇನೂ ಸಿಗಲಿಲ್ಲ, ನನಗೂ ಸಿಗಲಿಲ್ಲ.

ಇನ್ನು ಉಗುಳುವುದು. ಎಲೆ ಅಡಿಕೆ ಹಾಕಿ ರಸ್ತೆ ಕೆಂಪಾಗಿಸುವ ನಮ್ಮ ಜನ ಟೇಸ್ಟಿಂಗ್ ರೂಮಿನಲ್ಲಿ ಬಕೆಟ್ಟಿಗೆ ಉಗುಳಲು ನಾಚುತ್ತಾರೆ! ದುಡ್ಡು ಕೊಟ್ಟಿದ್ದೇವೆ ಎಂಬ ಸಂಕಟ ಬೇರೆ. ಆರು ವೈನ್ ನುಂಗಿದವರಿಗೆ ಆರನೆಯದು ಹೇಗಿತ್ತೆಂದು ನೆನಪಿರುವುದಿಲ್ಲ. ನಾನು ದಿನಕ್ಕೆ ಮೂವತ್ತು ಮಾದರಿ ನೋಡುತ್ತೇನೆ, ಒಂದು ಹನಿ ನುಂಗುವುದಿಲ್ಲ. ಮದ್ಯದಲ್ಲಿ ಆರೋಗ್ಯಕ್ಕೆ ಸುರಕ್ಷಿತವೆನ್ನುವ ಪ್ರಮಾಣವೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ, ವೈನ್ ಅದಕ್ಕೆ ಹೊರತಲ್ಲ. ವಾಪಸ್ ಹೈವೇಯಲ್ಲಿ ಗಾಡಿ ಓಡಿಸುವವರಿಗಂತೂ ನಾನು ಬಕೆಟ್ ಕೈಗೇ ಕೊಡುತ್ತೇನೆ.

ಕೆಂಪು ವೈನನ್ನು ರೂಮ್ ಟೆಂಪರೇಚರಿನಲ್ಲಿ ಕುಡಿಯಬೇಕು ಎಂಬುದು ಚಳಿ ದೇಶದವರ ಮಾತು. ಅವರ ಹಳೆಯ ಕಾಲದ ರೂಮು 16, 17 ಡಿಗ್ರಿ ಇರುತ್ತಿತ್ತು. ಏಪ್ರಿಲ್ಲಿನ ನಮ್ಮ ಶೀಟಿನ ಮನೆಯಲ್ಲಿಟ್ಟ ಬಾಟಲಿಯಿಂದ ಬರೀ ಸ್ಪಿರಿಟ್ ವಾಸನೆ ಏಳುತ್ತದೆ. ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟು ತೆಗೆಯಿರಿ. ಬಿಳಿ ವೈನಿಗೆ ಇದರ ಉಲ್ಟಾ ಸಲಹೆ, ಫ್ರಿಜ್ಜಿನಿಂದ ತೆಗೆದು ಹತ್ತು ನಿಮಿಷ ಹೊರಗಿಡಿ.

ನನ್ನ ಟೇಬಲ್ಲಿನಲ್ಲಿ ಗಂಡ ಹೆಂಡಿರ ಜಗಳ ತರುವುದು ಶಿರಾಜ್. ಒಬ್ಬರಿಗೆ ಕರಿಮೆಣಸು ಕುಟ್ಟಿದ ವಾಸನೆ ಮೂಗಿಗೆ ಹೊಡೆಯುತ್ತದೆ, ಇನ್ನೊಬ್ಬರಿಗೆ ಏನೂ ಇಲ್ಲ. "ಸುಮ್ನೆ ಹೇಳ್ತಾಳೆ" ಎನ್ನುತ್ತಾನೆ ಅವನು. ಇಬ್ಬರದೂ ನಿಜ. ಶಿರಾಜ್‌ನ ಆ ವಾಸನೆ ರೋಟಂಡೋನ್ ಎಂಬ ವಸ್ತುವಿನದು ಎಂದು ಆಸ್ಟ್ರೇಲಿಯಾದ ವಿಜ್ಞಾನಿಗಳು 2008ರಲ್ಲಿ ಪ್ರಕಟಿಸಿದರು. ಕರಿಮೆಣಸಿನಲ್ಲೂ ಅದೇ ಇದೆ. ಅವರ ಪರೀಕ್ಷೆಯಲ್ಲಿ ಸುಮಾರು ಐದರಲ್ಲಿ ಒಬ್ಬರಿಗೆ, ಹಾಕಿ ನೋಡಿದ ಅತಿ ಹೆಚ್ಚಿನ ಪ್ರಮಾಣದಲ್ಲೂ ಅದು ತಿಳಿಯಲಿಲ್ಲ. ಮೂಗು ಮೂಗಿಗೂ ವ್ಯತ್ಯಾಸ ಹುಟ್ಟಿನಿಂದಲೇ ಇದೆ. ಹಾಗಾಗಿ ಪಕ್ಕದವರಿಗೆ ಸಿಕ್ಕಿದ್ದು ನಿಮಗೆ ಸಿಗದಿದ್ದರೆ ಇದೆ ಇದೆ ಎಂದು ತಲೆಯಾಡಿಸಬೇಡಿ.

ಕೆಟ್ಟ ವೈನ್ ಗುರುತಿಸಲು ಕೂಡ ಮನೆಯ ಮೂಗೇ ಸಾಕು. ಮಳೆಗೆ ನೆನೆದ ರಟ್ಟಿನ ಡಬ್ಬದ ಮುಗ್ಗಲು ವಾಸನೆ ಬಂದರೆ ಬಿರಡೆಯ ದೋಷ, ಅದನ್ನು ತರುವ ವಸ್ತು ಲೀಟರಿಗೆ ಕೆಲವೇ ನ್ಯಾನೋಗ್ರಾಂ ಇದ್ದರೂ ತಿಳಿಯುತ್ತದೆ, ಬಾಟಲಿ ವಾಪಸ್ ಕೊಡಿ. ನೈಲ್ ಪಾಲಿಶ್, ವಿನೆಗರ್ ಬಂದರೆ ಬ್ಯಾಕ್ಟೀರಿಯಾ ಕೈ ಹಾಕಿದೆ. ಕೊಟ್ಟಿಗೆ ವಾಸನೆ ಒಂದು ಯೀಸ್ಟಿನ ಕೆಲಸ, ಅದನ್ನು ಸ್ವಲ್ಪ ಇದ್ದರೆ ಚೆನ್ನ ಎನ್ನುವವರೂ ಇದ್ದಾರೆ. ದಿನಾ ಬೆಳಗ್ಗೆ ಹಾಲು ಕರೆದು ಬರುವ ನಮ್ಮ ಸೆಲ್ಲಾರಿನ ಹುಡುಗ ಅದನ್ನು ಒಪ್ಪುವುದಿಲ್ಲ.

ಊಟದ ವಿಷಯ ಬಹಳ ಕೇಳುತ್ತಾರೆ. ಒಂದೇ ಮಾತು ನೆನಪಿಡಿ: ಖಾರವೂ ಆಲ್ಕೋಹಾಲೂ ಸೇರಿದರೆ ಬಾಯಿ ಉರಿ ಎರಡರಷ್ಟು. ನಾಟಿ ಕೋಳಿ ಸಾರು, ಮುದ್ದೆ ಇದ್ದ ದಿನ ಗಡಸು ಶಿರಾಜ್ ಬೇಡ, ಸ್ವಲ್ಪ ಸಿಹಿ ಉಳಿದ ತಣ್ಣನೆಯ ಶೆನಿನ್ ಬ್ಲಾಂಕ್ ಇರಲಿ. ಹಿತಕಿದವರೆ ಸಾರಿಗೆ ನನಗಿನ್ನೂ ಜೋಡಿ ಸಿಕ್ಕಿಲ್ಲ.

ನಾನು ಕಂಡ ಅತ್ಯುತ್ತಮ ಹೊಸ ನಾಲಿಗೆ ನಮಗೆ ಶಿರಾಜ್ ಬೆಳೆದುಕೊಡುವ ರೈತರೊಬ್ಬರದು. ಏಪ್ರಿಲ್‌ನಲ್ಲಿ ಒಂದು, ಅಕ್ಟೋಬರ್ ಸುಮಾರಿಗೆ ಒಂದು ಪ್ರೂನಿಂಗ್ ಮಾಡಿ, ಶಿವರಾತ್ರಿಗೆ ನಂದಿಯಲ್ಲಿ ತೇರು ಎಳೆಯುವ ಹೊತ್ತಿಗೆ ಕೊಯ್ಲಿಗೆ ಕೂರುವ ಮನುಷ್ಯ. ಬ್ರಿಕ್ಸ್, ಅಂದರೆ ರಸದಲ್ಲಿ ಸಕ್ಕರೆ ಎಷ್ಟಿದೆ ಎಂಬ ಅಳತೆ, ನೋಡಲು ಮೀಟರು ಕೊಟ್ಟಿದ್ದೇವೆ, ಅದರ ಜೊತೆಗೆ ನಾಲ್ಕು ಕಾಳು ಬಾಯಿಗೆ ಹಾಕಿ ಬೀಜ ಅಗಿದು ನೋಡುವುದು ಅವರ ಪದ್ಧತಿ. ಹಸಿರು ಬೀಜ ಬಾಯಿ ಕಟ್ಟುತ್ತದೆ, ಮಾಗಿದ ಕಂದು ಬೀಜ ಹುರಿದ ಕಡಲೆಯ ಹಾಗೆ ಕಟುಂ ಎನ್ನುತ್ತದೆ. ಇಷ್ಟು ವರ್ಷ ಬೆಳೆದಿದ್ದೀರಿ, ನಿಮ್ಮ ಹಣ್ಣಿನ ವೈನ್ ಒಂದು ಸಲ ನೋಡಿ ಎಂದು ಕೂರಿಸಿದೆ. ಬೇಡ ಬೇಡ ಎನ್ನುತ್ತಲೇ ಒಂದು ಗುಟುಕು ತೆಗೆದುಕೊಂಡು, ಬಾಯೆಲ್ಲ ಆಡಿಸಿ, ಯಾರೂ ಹೇಳಿಕೊಡದೆ ಬಕೆಟ್ಟಿಗೆ ಉಗಿದರು. ಕೆನ್ನೆಯೊಳಗೆ ನಾಲಿಗೆ ಆಡಿಸುತ್ತ ಕೂತರು.

"ಈ ಒಗರು ಸಿಪ್ಪೇದಲ್ಲ, ಬೀಜದ್ದು. ಆ ವರ್ಷ ಬೇಗ ಕುಯ್ಸಿಬಿಟ್ರಿ ಅಲ್ವಾ?"

ಆ ವರ್ಷ ಮೋಡ ಕಟ್ಟಿತ್ತು. ಮೀಟರಿನಲ್ಲಿ 23 ಬ್ರಿಕ್ಸ್ ತೋರಿಸಿತ್ತು, ಸಕ್ಕರೆ ಸಾಕು, ಮಳೆಗೆ ಸಿಕ್ಕಿದರೆ ಗೊನೆ ಕೊಳೆಯುತ್ತದೆ ಎಂದು ಹೆದರಿ ಕೊಯ್ಯಿಸಿದವಳು ನಾನೇ. ಮಳೆ ಬರಲಿಲ್ಲ. ಹೌದು ಎಂದೆ.

ಅವರು ಗ್ಲಾಸಿನಲ್ಲಿ ಉಳಿದದ್ದನ್ನೂ ಬಕೆಟ್ಟಿಗೆ ಸುರಿದು, ಟವೆಲ್ಲು ಹೆಗಲಿಗೆ ಹಾಕಿಕೊಂಡು ಎದ್ದರು. "ಈ ಸಲ ಬೀಜ ಕಂದಾಗೋವರ್ಗೂ ನಾನು ಕತ್ತರಿ ಮುಟ್ಟಲ್ಲ. ನಿಮ್ ಮೀಟ್ರು ಏನಾದ್ರೂ ಹೇಳ್ಲಿ."